ಅಮ್ಮ ಹತ್ತಿದ ಬೈಸಿಕಲ್

ಸಿಡುಬು ಬಾರದಂತೆ ಮಕ್ಕಳ ತೋಳು ಗೀರಿ ದಾಕು ಹಾಕುವುದು ನನ್ನ ಕೆಲಸವಾಗಿತ್ತು. ಮನೆ ನಂಜನಗೂಡಿನಲ್ಲಿ, ತಿರುಗಾಟವೆಲ್ಲ ಸುತ್ತಲ ಹಳ್ಳಿಗಳಲ್ಲಿ. ಮೊದಲ ಆರು ವರ್ಷ ನಡೆದೇ ಸುತ್ತಿದೆ, ಆಮೇಲೆ ಬೈಸಿಕಲ್ ಬಂತು. ಮೈಸೂರಿನ ವಕೀಲರೊಬ್ಬರು ಅದರಿಂದ ಬಿದ್ದು ಮೊಣಕಾಲು ಒಡೆದುಕೊಂಡು, ಇದರ ಸಹವಾಸವೇ ಸಾಕೆಂದು ನನಗೆ ದಾಟಿಸಿದ್ದರು. ಬಂದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ಮಕ್ಕಳ ಮೂತಿ ಒರೆಸಿದ್ದು ಕಾಣೆ, ಅದರ ಚಕ್ರದ ಕಡ್ಡಿ ಮಾತ್ರ ದಿನಾ ಒರೆಸ್ತೀರಿ" ಎಂದು ಮನೆಯವಳು ಚುಚ್ಚುತ್ತಿದ್ದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ.

ಆ ಕಾಲದ ರಸ್ತೆಗಳ ಗುಣ ನನಗೆ ಅಂಗೈಯಷ್ಟು ಚೆನ್ನಾಗಿ ಗೊತ್ತು. ತಾಂಡವಪುರದ ಮೇಲೆ ಮೈಸೂರಿಗೆ ಹೋಗುವ ದಾರಿ ಸಾಹೇಬರು ಓಡಾಡುವ ದಾರಿ, ಅಲ್ಲಿ ಜಲ್ಲಿ ಚೆನ್ನಾಗಿ ಕೂತಿರುತ್ತಿತ್ತು. ತಿರುಮಕೂಡಲು ನರಸೀಪುರದ ಕಡೆ ಅಲ್ಲಲ್ಲಿ ಎರೆಮಣ್ಣು. ಒಂದು ಮಳೆ ಬಿದ್ದರೆ ಚಕ್ರ ತಿರುಗುತ್ತಲೇ ಇರಲಿಲ್ಲ, ಬೈಸಿಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ಬರಬೇಕಾಗಿತ್ತು. ನನಗೆ ಇಷ್ಟವಾದದ್ದು ಹುಲ್ಲಹಳ್ಳಿ ದಾಟಿ ನೈಋತ್ಯದ ಗುಡ್ಡಗಳ ಕಡೆಗೆ ಏರುವ ಕೆಂಪು ಗರಸಿನ ದಾರಿ. ನಾಲೆಯ ಗದ್ದೆಗಳು ಹಿಂದೆ ಬೀಳುತ್ತಿದ್ದಂತೆ ತೇಗ, ಹೊನ್ನೆ, ಬಿದಿರು ಶುರುವಾಗುತ್ತಿತ್ತು. ಎತ್ತಿನ ಗಾಡಿಯ ಜಾಡು ಬಿಟ್ಟು ಒಂದು ಗೇಣು ಆಚೆ ಹೋದರೆ ಗರಸು ಜಾರುತ್ತಿತ್ತು. ಜಾಡಿನಲ್ಲೇ ಹೋಗೋಣವೆಂದರೆ ರಸ್ತೆಯ ಮೇಸ್ತ್ರಿ ಅಲ್ಲೇ ದಪ್ಪ ಕಲ್ಲುಗಳನ್ನಿಟ್ಟಿರುತ್ತಿದ್ದ. ಗಾಡಿಗಳು ಪಕ್ಕಕ್ಕೆ ಸರಿದು ಹೊಸ ಗರಸು ತುಳಿಯಲಿ ಎಂದು ಅವನ ಉಪಾಯ. ಆ ಮಹಾನುಭಾವನಿಗೆ ನಾನು ಹಾಕಿದ ಶಾಪಗಳನ್ನು ಇಲ್ಲಿ ಬರೆಯುವುದಿಲ್ಲ.

ಗುಡ್ಡದ ತುದಿಯಲ್ಲಿ, ಕಾಡಿಗೆ ಅಂಟಿಕೊಂಡು, ಹದಿನೈದಿಪ್ಪತ್ತು ಗುಡಿಸಲಿನ ಒಂದು ಹಟ್ಟಿ. ನಾನು ಬೈಸಿಕಲ್ಲಿಗೆ ಆಸೆಪಟ್ಟದ್ದೇ ಆ ಹಟ್ಟಿಯ ದೆಸೆಯಿಂದ. ದಾಕಿನ ರಸ ಗಾಜಿನ ಸಣ್ಣ ಕೊಳವೆಗಳಲ್ಲಿ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿತ್ತು. ಬೇಸಿಗೆಯಲ್ಲಿ ಬೇಗ ಬೇಗ ಹಾಕಿ ಮುಗಿಸಬೇಕು. ತಡವಾದರೆ ರಸ ಸತ್ತುಹೋಗುತ್ತದೆ, ಆದರೆ ನೋಡುವುದಕ್ಕೆ ಹಾಗೇ ಇರುತ್ತದೆ. ಒಂದು ವರ್ಷ ದಾರಿಯಲ್ಲೆಲ್ಲ ಹಾಕುತ್ತ, ನಡೆಯುತ್ತ, ಹಟ್ಟಿ ತಲುಪುವ ಹೊತ್ತಿಗೆ ಐದು ದಿನವಾಗಿತ್ತು. ರಸ ಕೆಟ್ಟಿರಬಹುದೆಂದು ನನಗೆ ಅನುಮಾನವಿತ್ತು. ಆದರೂ ಹಾಕಿದೆ. ಮತ್ತೆ ಆ ಗುಡ್ಡ ಹತ್ತಲು ಸೋಮಾರಿತನ, ಬೇರೇನೂ ಅಲ್ಲ. ರಸ ಬದುಕಿದ್ದರೆ ಹಾಕಿದ ಕಡೆ ಗುಳ್ಳೆ ಏಳುತ್ತದೆ; ಎಂಟನೆಯ ದಿನ ಅದು ಎದ್ದಿದೆಯೇ ಎಂದು ನೋಡಲೂ ಹೋಗಲಿಲ್ಲ. ಮುಂದಿನ ತಿಂಗಳು ಅಲ್ಲಿ ಸಿಡುಬು ಬಂತು, ನಾನು ದಾಕು ಹಾಕಿದ ಮಕ್ಕಳಲ್ಲಿ ಮೂರು ಸತ್ತುಹೋದವು. ಆಮೇಲೆ ಹೋದಾಗ ಎಲ್ಲರ ಬಾಗಿಲೂ ಮುಚ್ಚಿತ್ತು. ಬಿಸಿಲಿನಲ್ಲಿ ನಿಂತಿದ್ದ ನನಗೆ ಒಂದು ಚೆಂಬು ನೀರನ್ನೂ ಯಾರೂ ಕೊಡಲಿಲ್ಲ. ಆ ಪಾಪ ನನ್ನದೇ. ಯಾರ ಮೇಲೂ ಹೊರಿಸುವಂತಿಲ್ಲ.

ಬೈಸಿಕಲ್ ಬಂದ ಎರಡನೆಯ ಬೇಸಿಗೆ, ಹುಲ್ಲಹಳ್ಳಿಯಿಂದ ಮೇಲಿನ ಒಂದು ಊರಲ್ಲಿ ಸಿಡುಬು ಎಂದು ಸುದ್ದಿ ಬಂತು. ಹಟ್ಟಿಗೆ ಹರಡಲು ಎಷ್ಟು ಹೊತ್ತು? ಅಂದೇ ರೈಲಿಗೆ ಹೊಸ ರಸ ಬಂದಿತ್ತು. ಕೊಳವೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಳೆದಿಂಡಿನೊಳಗಿಟ್ಟು, ದಾಕಿನ ಪೆಟ್ಟಿಗೆಗೆ ಸೇರಿಸಿ, ಮರುದಿನ ಬೆಳಗ್ಗೆ ಹೊರಟೆ. ಈ ಸಲ ಬದುಕಿರುವ ರಸವನ್ನೇ ಆ ಹಟ್ಟಿಗೆ ಮುಟ್ಟಿಸಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಸಿಡುಬಿನ ಊರು ದಾಟಿದ ಮೇಲೆ ಒಂದು ಇಳಿಜಾರು. ಹೊಸ ಗರಸು ಬೇರೆ. ನನ್ನ ಬ್ರೇಕೆಂದರೆ ಮುಂದಿನ ಚಕ್ರವನ್ನು ಒತ್ತುವ ಒಂದು ರಬ್ಬರ್ ತುಂಡು, ಅದು ಹಿಡಿದರೆ ಹಿಡಿಯಿತು. ತಿರುವಿನಲ್ಲಿ ನೋಡುತ್ತೇನೆ, ಎರಡು ಊರಿನ ಗಡಿಯಲ್ಲಿ, ರಸ್ತೆಯ ನಡುಮಧ್ಯೆ ಒಂದು ಮೊರ! ಬೇವಿನಸೊಪ್ಪು, ಅರಿಸಿನ, ಬಳೆ, ಮೊಸರನ್ನ. ಸಿಡುಬಿನ ಊರಿನವರು ಅಮ್ಮನನ್ನು, ಎಂದರೆ ಸಿಡುಬಿನ ದೇವಿಯನ್ನು, ಮೊರದಲ್ಲಿ ಕೂರಿಸಿ ಗಡಿಗೆ ತಂದುಬಿಟ್ಟಿದ್ದರು. ಹಾಗೆ ಬಂದವಳನ್ನು ಮುಂದಿನ ಊರಿನವರು ತಡಮಾಡದೆ ಪೂಜೆ ಮಾಡಿ, ಅದರ ಮುಂದಿನ ಗಡಿಗೆ ಸಾಗಿಸಬೇಕು. ಕೊನೆಗೆ ಕಾಡಿಗೆ ಬಿಟ್ಟರೆ ಮುಗಿಯಿತು. ನಾನು ಬ್ರೇಕು ಒತ್ತಿದೆ, ಗರಸು ಜಾರಿತು, ಚಕ್ರ ಮೊರದ ಮೇಲೇ ಹಾದು ಗಡಿ ದಾಟಿ ನಿಂತಿತು. ಬೇವಿನಸೊಪ್ಪು ಕಡ್ಡಿಗಳಿಗೆ ಸಿಕ್ಕಿಕೊಂಡಿತ್ತು.

ಆಚೆ ಮರದ ಕೆಳಗೆ ಮುಂದಿನ ಊರಿನ ಜನ ಕಾದು ಕೂತಿದ್ದರು. ಒಬ್ಬ ಮುದುಕಿ ದಾರಿಗೆ ಅಡ್ಡ ನಿಂತಳು. ಆ ಊರಿನಲ್ಲಿ ಅವಳ ಮಾತೇ ಮಾತು.

"ನಿಲ್ಲಿ ಬುದ್ದಿ! ಅವ್ವನ್ನ ತುಳ್ಕಂಡು ಬಂದ್ಬುಟ್ರಲ್ಲಾ!"

"ಜಾರಿತು ಕಣಮ್ಮ, ಬೇಕೂಂತ ಮಾಡಲಿಲ್ಲ. ದಾರಿ ಬಿಡು, ಹಟ್ಟಿಗೆ ಹೋಗಬೇಕು."

"ಎಲ್ಲಿಗ್ ಓದೀರಿ? ಅವ್ವ ನಿಮ್ ಗಾಡಿ ಅತ್ಕಂಡವ್ಳೆ. ಮೂರ್ ದಿನ ಇಲ್ಲೇ ಇರ್ಬೇಕು. ಒಗ್ಗರಣೆ ತಿನ್ನಂಗಿಲ್ಲ. ಅವ್ಳು ತಣ್ಣಗಾದ್ಮೇಲೆ ಓಗಿ."

ಮೂರು ದಿನ! ಅಷ್ಟು ದಿನ ರಸ ತಡೆಯುತ್ತದೆಯೇ? ಸರ್ಕಾರದ ಕೆಲಸ ಎಂದೆ, ಅಮಲ್ದಾರರಿಗೆ ಬರೆಯುತ್ತೇನೆ ಎಂದೆ. ಮುದುಕಿ ಬೇವಿನಸೊಪ್ಪಿನಿಂದ ನೊಣ ಓಡಿಸುತ್ತ ನಿಂತಿದ್ದಳು. ಕೊನೆಗೆ ಸಿಟ್ಟಿನಲ್ಲಿ, "ನಿಮ್ಮಮ್ಮ ಹತ್ತಿರೋದು ಗಾಡಿಯನ್ನ ತಾನೆ, ನನ್ನನ್ನಲ್ಲವಲ್ಲ? ಗಾಡಿ ಇಟ್ಟುಕೊಳ್ಳಿ, ನಾನು ನಡೆದು ಹೋಗ್ತೀನಿ" ಎಂದುಬಿಟ್ಟೆ.

ಮುದುಕಿ ಯೋಚಿಸಿದಳು. "ಅದೂ ಸರಿಯೇ. ಅವ್ವನ್ನ ಗಾಡಿ ಮ್ಯಾಲೇ ಸಾಗಿಸ್ಬುಟ್ರಾಯ್ತು" ಎಂದಳು. ಆಮೇಲೆ ನನ್ನ ಪೆಟ್ಟಿಗೆಯ ಕಡೆ ಬೆರಳು ತೋರಿಸಿ, "ಅದೂ ಅವ್ಳ ಜೊತೇಲೆ ಬಂದದ್ದಲ್ವಾ? ಅದ್ರ ಗುರ್ತು ಮಕ್ಳ ತೋಳ್ಗೆ ಆಕಿಸ್ಕಂಡ್ರೆ ಅವ್ಳು ಸಮಾಧಾನವಾಗಿ ಓಯ್ತಾಳೆ" ಎಂದು ತೀರ್ಪು ಕೊಟ್ಟಳು. ಈ ರಸ ಅಮ್ಮನದಲ್ಲ, ಕರುವಿನ ಮೈಯಿಂದ ತೆಗೆದದ್ದು ಎಂದು ನಾನು ತಿದ್ದಬೇಕಿತ್ತು. ತಿದ್ದದೆ ಪೆಟ್ಟಿಗೆ ತೆರೆದೆ.

ನಾನು ದಿನಾ ಒರೆಸುತ್ತಿದ್ದ ಬೈಸಿಕಲ್ಲಿಗೆ ಅರಿಸಿನ ಬಳಿದರು. ಹಿಡಿಗೆ ಮೊರ ಕಟ್ಟಿದರು. ಪೂಜೆಗೆ ಬಂದ ತಾಯಂದಿರು ಮಕ್ಕಳ ತೋಳನ್ನು ಸಾಲಾಗಿ ಮುಂದೊಡ್ಡಿದರು. ಬೇರೆ ದಿನಗಳಲ್ಲಾಗಿದ್ದರೆ ಆ ಮಕ್ಕಳನ್ನು ಕಣಜದೊಳಗಿಂದ, ಹಿತ್ತಲಿನ ಬಣವೆಯ ಹಿಂದಿನಿಂದ ಹುಡುಕಿ ಎಳೆದು ತರಬೇಕಿತ್ತು. ಆಮೇಲೆ ತಮಟೆ ಬಡಿಯುತ್ತ, ಬೈಸಿಕಲ್ಲಿನ ಗಂಟೆ ಬಾರಿಸುತ್ತ ತಳ್ಳಿಕೊಂಡು ಹೊರಟರು. ಅಮ್ಮನನ್ನು ಒಂದು ರಾತ್ರಿ ಇಟ್ಟುಕೊಳ್ಳಲೂ ಯಾವ ಊರೂ ತಯಾರಿಲ್ಲ, ಆದ್ದರಿಂದ ಅವರ ಓಟ ನೋಡಬೇಕು! ಆ ಏರಿನಲ್ಲಿ ನಾನು ಒಂದು ದಿನವೂ ಅಷ್ಟು ಬೇಗ ಬೈಸಿಕಲ್ ತುಳಿದಿರಲಿಲ್ಲ. ಪೆಟ್ಟಿಗೆ ಎದೆಗವಚಿಕೊಂಡು ಏದುಸಿರು ಬಿಡುತ್ತ ಹಿಂದೆ ಓಡಿದೆ. ಮುಂದಿನ ಊರಿನಲ್ಲೂ ಹೀಗೇ ನಡೆಯಿತು. ಹೊತ್ತು ಇಳಿಯುವ ಮೊದಲು ಹಟ್ಟಿಯ ಗಡಿಯಲ್ಲಿದ್ದೆವು.

ಹಟ್ಟಿಯ ಜನ ಬೈಸಿಕಲ್ಲಿಗೆ ಕೈಮುಗಿದರು. ನನ್ನ ಮುಖ ಕಂಡದ್ದೇ ಹಿಂದೆ ಸರಿದರು. ಒಬ್ಬಳು ಮಾತ್ರ ಸೊಂಟದ ಮೇಲೆ ಮಗು ಕೂರಿಸಿಕೊಂಡು ಎದುರಿಗೆ ಬಂದಳು. ಸತ್ತ ಮೂರು ಮಕ್ಕಳಲ್ಲಿ ಒಂದು ಅವಳದು. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಈ ಕಿತ ತಂದಿರೋದು ಬದ್ಕಿದ್ದದಾ ಬುದ್ದಿ?"

ಇವಳಿಗೆ ಎಲ್ಲ ಗೊತ್ತು. "ಅವತ್ತಿನದು ಸತ್ತಿತ್ತಮ್ಮ. ಅನುಮಾನವಿದ್ದೂ ಹಾಕಿದೆ. ಇದು ಬದುಕಿದೆ" ಎಂದೆ. ಅವಳು ಮಗುವನ್ನು ಸೊಂಟದಿಂದ ಇಳಿಸಿದಳು. ಆಮೇಲೆ ಮಗುವಿನ ತೋಳು ಹಿಡಿದು ಕೊಟ್ಟಳು. ಉಳಿದವರೂ ಬಂದರು.

ಬೈಸಿಕಲ್ಲನ್ನು ಕಾಡಿನೊಳಕ್ಕೆ ಒಯ್ದು ಒಂದು ಮತ್ತಿಮರಕ್ಕೆ ಒರಗಿಸಿ, ಹಿಂದಿರುಗಿ ನೋಡದೆ ಬಂದರು. ನಾನೊಬ್ಬ ಮಾತ್ರ ಹಿಂದಿರುಗಿ ನೋಡಿದೆ. ಅದನ್ನು ತರುವುದೆಂದರೆ ಅಮ್ಮನನ್ನೇ ಊರಿಗೆ ತಂದಂತೆ, ಮತ್ತೆ ಯಾವ ತಾಯಿಯೂ ನನ್ನನ್ನು ಬಾಗಿಲಿಗೆ ಸೇರಿಸುತ್ತಿರಲಿಲ್ಲ.

ಎಂಟನೆಯ ದಿನ ನೋಡಲು ನಡೆದೇ ಹೋದೆ. ಹುಲ್ಲಹಳ್ಳಿಯಿಂದ ಹಟ್ಟಿಯವರೆಗೆ ಒಂದೇ ಹೆದರಿಕೆ, ಗುಳ್ಳೆ ಎದ್ದಿರದಿದ್ದರೆ? ಬಾಳೆದಿಂಡಿನೊಳಗೂ ರಸ ಸತ್ತಿದ್ದರೆ? ಆ ತಾಯಿ ಬಾಗಿಲಲ್ಲೇ ಕೂತಿದ್ದಳು. ಮಗುವಿನ ತೋಳಿನ ಬಟ್ಟೆ ಸರಿಸಿದಳು. ಹಾಕಿದ ಎರಡು ಕಡೆಯೂ ಕಡಲೆಕಾಳಿನಷ್ಟು ದಪ್ಪನೆಯ ಗುಳ್ಳೆ ಎದ್ದಿತ್ತು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಅವಳು ಒಳಗೆ ಹೋಗಿ ಒಂದು ಚೆಂಬು ನೀರು ತಂದು ನನ್ನ ಮುಂದಿಟ್ಟಳು.