ಎಪ್ಪತ್ತು–ಇನ್ನೂರು ಲೆನ್ಸೂ ನಮ್ಮಣ್ಣನೂ

ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಮುಂದೆ ನಿಂತು ವಿಜ್ಞಾನ ಪಾಠ ಮಾಡಿದವನಿಗೆ ಸಂಕೋಚ ಜಾಸ್ತಿ ಎಂದರೆ ಯಾರೂ ನಂಬುವುದಿಲ್ಲ. ಆದರೂ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮೆರಾ ಹಿಡಿದು ಒಬ್ಬರ ಎದುರಿಗೆ ಹೋಗಿ ‘ನಿಮ್ಮದೊಂದು ಫೋಟೊ ತೆಗೆಯಲೇ?’ ಎಂದು ಕೇಳುವುದು ನನ್ನ ಕೈಲಾಗದ ಕೆಲಸ. ಅದಕ್ಕೇ ನನ್ನ ಕಂಪ್ಯೂಟರಿನಲ್ಲಿ ಮನುಷ್ಯರಿಗಿಂತ ಬೆಟ್ಟಗಳೇ ಹೆಚ್ಚು. ಮಧುಗಿರಿಯಲ್ಲಿರುವವನಿಗೆ ಬೆಟ್ಟಕ್ಕೇನು ಕೊರತೆ? ಅದು ‘ಯಾಕ್ರೀ ತೆಗೀತೀರಿ’ ಎಂದು ಕೇಳುವುದಿಲ್ಲ, ಕಣ್ಣು ಮುಚ್ಚುವುದಿಲ್ಲ, ಆಮೇಲೆ ಫೋಟೊ ಕಳಿಸಿ ಎಂದು ಗಂಟು ಬೀಳುವುದೂ ಇಲ್ಲ. ಆ ಒಂದೇ ಕಲ್ಲನ್ನು ಬೆಳಗಿನ ಬಿಸಿಲಲ್ಲಿ, ಸಂಜೆಯ ಬಿಸಿಲಲ್ಲಿ, ಮೋಡದಲ್ಲಿ ಎಷ್ಟು ಸಲ ತೆಗೆದಿದ್ದೇನೆಂದರೆ, ನನ್ನ ಹೆಂಡತಿ ಈಗ ನೋಡುವ ಮೊದಲೇ ‘ಚೆನ್ನಾಗಿದೆ’ ಎಂದುಬಿಡುತ್ತಾಳೆ.

ಹೀಗಿದ್ದ ನನಗೆ ಹೋದ ವರ್ಷ ದೂರದ ಲೆನ್ಸೊಂದು ಬೇಕು ಎಂಬ ಹುಚ್ಚು ಹಿಡಿಯಿತು. ಟೆಲಿಫೋಟೊ ಜೂಮ್ ಎನ್ನುತ್ತಾರಲ್ಲ, ಅದು. ಮದುವೆ ಛತ್ರದಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತು, ಸ್ಟೇಜಿನ ಮೇಲಿರುವವರ ಮುಖವನ್ನು ಎದುರಿಗೆ ಎಳೆದುಕೊಳ್ಳಬಹುದಾದಂಥದ್ದು. ಕೊಳ್ಳುವವನು ಬೇಗ ಕೊಂಡು ಮುಗಿಸಬೇಕು. ನಾನೋ ಪಾಠದ ಮೇಷ್ಟ್ರು, ಮೂರು ತಿಂಗಳು ಅದರ ಬಗ್ಗೆ ಓದಿದೆ. ಲೆನ್ಸಿನ ಮೈಮೇಲೆ ಬರೆದಿರುವ ಅಂಕಿಗಳಿಗೆ ಒಂದು ವಕ್ರಬುದ್ಧಿ ಇದೆ. ಬೆಳಕು ಒಳಬರುವ ಕಂಡಿ ದೊಡ್ಡದಾದಷ್ಟೂ ಅದನ್ನು ಸೂಚಿಸುವ ಅಂಕಿ ಚಿಕ್ಕದಾಗುತ್ತದೆ. ನಾಲ್ಕು ಎಂದಿದ್ದರೆ ಕಂಡಿ ಸಣ್ಣದು, ಎರಡು ಪಾಯಿಂಟ್ ಎಂಟು ಎಂದಿದ್ದರೆ ದೊಡ್ಡದು, ಬೆಳಕು ಎರಡರಷ್ಟು. ಛತ್ರದ ಮಂಕು ಟ್ಯೂಬ್‌ಲೈಟಿನಲ್ಲಿ ನಡೆದಾಡುವವರ ಮುಖ ಕಲಸಿಹೋಗದಂತೆ ಹಿಡಿಯಬೇಕಾದರೆ ಎರಡನೆಯದೇ ಬೇಕು. ಆದರೆ ಅದರ ತೂಕ ನಮ್ಮನೆಯ ರುಬ್ಬುಗುಂಡಿನ ತಮ್ಮನಷ್ಟು. ಬೆಲೆಯ ಮಾತು ಇಲ್ಲಿ ಬೇಡ, ಹೆಂಡತಿಯೂ ಇದನ್ನು ಓದುತ್ತಾಳೆ.

ಓದು ತಲೆಗೇರಿದ ಮೇಲೆ ಸಿರಾಕ್ಕೆ ಹೋದೆ. ಅಲ್ಲಿ ಸಾದಿಕ್ ಭಾಯ್ ಎಂಬ ಸ್ನೇಹಿತರೊಬ್ಬರ ಸ್ಟುಡಿಯೊ ಇದೆ. ಕಳ್ಳಂಬೆಳ್ಳದಿಂದ ಹಿಡಿದು ಆಂಧ್ರದ ಗಡಿಯವರೆಗೆ ಮೂರು ತಲೆಮಾರಿನ ಮದುವೆ ತೆಗೆದವರು ಅವರು. ಲೆನ್ಸುಗಳನ್ನು ದಿನದ ಬಾಡಿಗೆಗೂ ಕೊಡುತ್ತಾರೆ. ನಾನು ಕಂಡಿ, ಬೆಳಕು, ಗಾಜಿನ ಪದರ ಎಂದೆಲ್ಲ ಶುರು ಮಾಡಿದೆ. ಅವರು ಟೀ ತರಿಸಿ, ಮೇಜಿನ ಮೇಲೆ ಎರಡು ಲೆನ್ಸು ಇಟ್ಟರು.

“ಇದು ನೋಡಿ ಮೇಷ್ಟ್ರೇ, ಎಂಬತ್ತೈದು ಎಂಎಂ ಲೆನ್ಸು. ಜೂಮ್ ಇಲ್ಲ. ಮಕ ಮಸ್ತ್ ಬರ್ತದೆ, ಆದ್ರೆ ನೀವೇ ನಡ್ಕೊಂಡು ಹೋಗ್ಬೇಕು. ಇದು ಎಪ್ಪತ್ತು–ಇನ್ನೂರು. ನೀವು ನಿಂತಲ್ಲೇ ನಿಲ್ಲಿ, ಮಂದಿನೇ ಹತ್ರ ಬರ್ತಾರೆ.”

“ಇದೇ ಬೇಕು,” ಎಂದೆ, ಎರಡನೆಯದರ ಮೇಲೆ ಕೈಯಿಟ್ಟು.

“ಅರೆ, ನಿಲ್ಲಿ. ಎಷ್ಟು ದೂರದಿಂದ ತೆಗೀಬೇಕು ಅದು ಹೇಳಿ ಮೊದ್ಲು.”

“ಒಂದು ನಲವತ್ತು ಅಡಿ.”

“ನಲವತ್ತಡಿ? ಹುಲಿ ಫೋಟೊನಾ?”

“ಅಲ್ಲ, ನಮ್ಮಣ್ಣಂದು.”

ಸಾದಿಕ್ ಭಾಯ್ ನಗಲಿಲ್ಲ. ಟೀ ಲೋಟ ಕೆಳಗಿಟ್ಟು ಸುಮ್ಮನೆ ನನ್ನ ಮುಖ ನೋಡಿದರು. ಹಾಗೆ ನೋಡಿದರೆ ನಾನು ಎಲ್ಲ ಹೇಳಿಬಿಡುತ್ತೇನೆ. ನಿಮಗೂ ಹೇಳುತ್ತೇನೆ.

ಅದಕ್ಕೂ ನಾಲ್ಕು ವರ್ಷದ ಹಿಂದೆ ಕೊರಟಗೆರೆಯ ಛತ್ರವೊಂದರಲ್ಲಿ ನನ್ನ ಮಗಳ ಮದುವೆ. ನಮ್ಮ ಕಡೆ ಒಂದು ರೂಢಿ: ಹೆಣ್ಣಿನ ಮನೆಯ ಹಿರಿಯ ಸ್ಟೇಜಿನ ಹತ್ತಿರ ಸುಳಿಯುವುದಿಲ್ಲ, ಊಟದ ಹಾಲಿನ ಬಾಗಿಲಲ್ಲಿ ನಿಲ್ಲುತ್ತಾನೆ. ಬಂದವರು ಉಣ್ಣದೆ ಹೋಗಬಾರದು, ಎರಡನೇ ಸಲ ಪಾಯಸ ಬೇಕೆಂದವರ ಮುಂದೆ ಬಕೆಟ್ ಖಾಲಿ ಎನ್ನಿಸಬಾರದು. ಕೊನೆಯ ಪಂಕ್ತಿ ಎದ್ದ ಮೇಲೆ ಅವನ ಊಟ. ನಮ್ಮಣ್ಣ ಹೊಳವನಹಳ್ಳಿಯ ಹತ್ತಿರದ ನಮ್ಮೂರಲ್ಲೇ ಇದ್ದು ಬೇಸಾಯ ಮಾಡುವವನು. ಬೆಳಗಿನ ಇಡ್ಲಿಯಿಂದ ಶುರುಮಾಡಿ ಅವತ್ತು ಆ ಬಾಗಿಲು ಬಿಟ್ಟು ಕದಲಲಿಲ್ಲ. ಅತ್ತ ಸ್ಟೇಜಿನ ಮೇಲೆ ಫೋಟೊದವನು “ಫ್ಯಾಮಿಲಿಯವ್ರೆಲ್ಲ ಬನ್ನಿ” ಎಂದು ಕೂಗಿದ. ಎಲ್ಲರೂ ಹತ್ತಿದೆವು. ಅಣ್ಣನನ್ನು ಹೆಂಡತಿ ಕರೆದಿರುತ್ತಾಳೆ ಎಂದು ನಾನು, ನಾನು ಕರೆದಿರುತ್ತೇನೆ ಎಂದು ನಮ್ಮ ತಂಗಿ, ತಂಗಿ ಕರೆದಿರುತ್ತಾಳೆ ಎಂದು ಹೆಂಡತಿ. ಇಪ್ಪತ್ತೆರಡು ಜನ ಹಲ್ಲು ಕಿರಿದು ನಿಂತೆವು, ಫೋಟೊ ಆಯಿತು.

ಆಲ್ಬಮ್ ಬಂದಾಗ ಅದು ನಟ್ಟನಡುವೆ ಎರಡು ಪುಟ ಸೇರಿಸಿ ಅಚ್ಚಾಗಿತ್ತು. ಅಣ್ಣ ಮನೆಗೆ ಬಂದಿದ್ದ. ಆಲ್ಬಮನ್ನು ಮೊದಲಿಂದ ಕೊನೆಯವರೆಗೆ ಒಂದು ಸಲ ತಿರುವಿದ, ಇನ್ನೊಂದು ಸಲ ತಿರುವಿದ, ಮುಚ್ಚಿ ಟೀಪಾಯಿ ಮೇಲಿಟ್ಟ, ಕಾಫಿ ಕುಡಿದ, ಎದ್ದು ಹೋದ. ಆಮೇಲೆ ತಂಗಿಯ ಬಾಯಿಂದ ಸುದ್ದಿ ಬಂತು: “ಇಡ್ಲಿ ಬಡ್ಸಕ್ಕೆ ಅಣ್ಣ ಬೇಕು, ಫೋಟೊಕ್ಕೆ ಬ್ಯಾಡ್ವಾ ಅಂದ.” ಅವತ್ತಿನಿಂದ ಮಾತು ನಿಂತಿತು.

ಮೊದಲ ವರ್ಷ ನನಗೆ ಸಿಟ್ಟಿತ್ತು. ಒಂದು ಫೋಟೊಕ್ಕೆ ಇಷ್ಟಾ, ಅವನೇ ಬಂದು ನಿಲ್ಲಬಹುದಿತ್ತಲ್ಲ ಎಂದುಕೊಂಡೆ. ಎರಡನೇ ವರ್ಷ ನಾಚಿಕೆಯಾಯಿತು. ಫೋನು ಮಾಡೋಣವೆಂದು ಅವನ ನಂಬರನ್ನು ತೆರೆಯುವುದು, ಏನು ಹೇಳುವುದೆಂದು ತೋಚದೆ ಮುಚ್ಚುವುದು. ಆಮೇಲಾಮೇಲೆ ಅದೂ ನಿಂತುಹೋಯಿತು, ಇದೇ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. ಸೈಕಲ್ಲಿನ ಬಾರಿನ ಮೇಲೆ ನನ್ನನ್ನು ಕೂರಿಸಿಕೊಂಡು ಮೂರು ವರ್ಷ ಹೈಸ್ಕೂಲಿಗೆ ತುಳಿದವನು ಅವನು. ಅವನಿಲ್ಲದೆಯೂ ದಿನ ಕಳೆಯುತ್ತದೆ ಎಂಬುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು.

ಅಷ್ಟರಲ್ಲಿ ತಂಗಿಯ ಮಗಳ ಮದುವೆ ಪಾವಗಡದಲ್ಲಿ ಗೊತ್ತಾಯಿತು. ಇಬ್ಬರೂ ಸೋದರಮಾವಂದಿರು, ಇಬ್ಬರೂ ಬರಲೇಬೇಕು. ನನ್ನ ತಲೆಯಲ್ಲಿ ಒಂದು ವೈಜ್ಞಾನಿಕ ಪರಿಹಾರ ಹೊಳೆಯಿತು. ದೂರದಿಂದ, ಅವನಿಗೆ ತಿಳಿಯದಂತೆ, ಅಣ್ಣನದೊಂದು ಒಳ್ಳೆಯ ಫೋಟೊ ತೆಗೆಯುವುದು. ಕಟ್ಟು ಹಾಕಿಸಿ ತಂಗಿಯ ಕೈಲಿ ಕಳಿಸುವುದು. ಮಾತೇ ಆಡಬೇಕಾಗಿಲ್ಲ. ಫೋಟೊದಿಂದ ಕೆಟ್ಟದ್ದು ಫೋಟೊದಿಂದಲೇ ಸರಿಹೋಗಬೇಕು ತಾನೆ?

ಸಾದಿಕ್ ಭಾಯ್ ಎಲ್ಲ ಕೇಳಿ, “ತಗೊಂಡೋಗಿ, ಮೂರು ದಿನ ನೋಡಿ. ಕೊಳ್ಳೋ ಮಾತು ಆಮೇಲೆ,” ಎಂದು ಲೆನ್ಸನ್ನು ಚೀಲಕ್ಕೆ ಹಾಕಿ ಕೊಟ್ಟರು. ಹೊರಡುವಾಗ, “ಈ ಲೆನ್ಸಿಂದು ಒಂದೇ ಕಷ್ಟ ಮೇಷ್ಟ್ರೇ, ಕೈ ನೋವು ಬರ್ತದೆ. ಮನಸಿನ ನೋವಿಗೆ ಇದು ಗ್ಯಾರಂಟಿ ಇಲ್ಲ,” ಎಂದರು.

ಮನೆಗೆ ತಂದು ಹೆಂಡತಿಯ ಮೇಲೆ ಪ್ರಯೋಗ ಮಾಡಿದೆ. ಹಾಲಿನಲ್ಲಿ ಅವಳನ್ನು ನಿಲ್ಲಿಸಿ ಹಿಂದೆ ಸರಿದೆ. ಗೋಡೆ ಬಂತು, ಅವಳು ಇನ್ನೂ ಅರ್ಧವೇ ಕಾಣುತ್ತಿದ್ದಳು. ಅಡುಗೆಮನೆಗೆ ಹೋದೆ, ಅಲ್ಲಿಂದ ಹಿತ್ತಲ ಬಾಗಿಲು ದಾಟಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತಾಗ ಅವಳು ಪೂರ್ತಿಯಾಗಿ ಸಿಕ್ಕಳು. “ಇಷ್ಟು ದೂರ ಹೋಗಿ ನನ್ನನ್ನ ನೋಡ್ಬೇಕಾ? ಮೂವತ್ತು ವರ್ಷ ಮನೇಲೇ ಇದ್ದೆನಲ್ಲ,” ಎಂದು ಅವಳು ಅಲ್ಲಿಂದಲೇ ಕೂಗಿದಳು.

ಆದರೆ ಫೋಟೊ ನೋಡಿದಾಗ ಇಬ್ಬರೂ ಬೆರಗಾದೆವು. ಮೊಬೈಲಿನಲ್ಲಿ ಅವಳ ಮೂಗು ಯಾವಾಗಲೂ ಮುಂದೆ ಬಂದು ನಿಂತಿರುತ್ತದೆ. ಇಲ್ಲಿ ಅದು ತನ್ನ ಜಾಗದಲ್ಲಿತ್ತು. ನನ್ನೊಳಗಿನ ವಿಜ್ಞಾನದ ಮೇಷ್ಟ್ರು ಎದ್ದು ಕೂತ. ಒಂದೂವರೆ ಅಡಿ ದೂರದ ಮೊಬೈಲಿಗೆ, ಕಿವಿಗಿಂತ ಮೂಗು ಐದಾರು ಇಂಚು ಹತ್ತಿರ ಎಂದರೆ ದೊಡ್ಡ ವ್ಯತ್ಯಾಸ. ಇಪ್ಪತ್ತಡಿ ಆಚೆಗೆ ಹೋದರೆ ಆ ಐದಾರು ಇಂಚನ್ನು ಯಾರು ಕೇಳುತ್ತಾರೆ? ಮೂಗಿನ ದೊಡ್ಡಸ್ತಿಕೆ ಇಳಿಯುತ್ತದೆ. ಹಾಗೆ ನೋಡಿದರೆ ಮುಖವನ್ನು ತಿದ್ದಿದ್ದು ಲೆನ್ಸೇ ಅಲ್ಲ, ದೂರ. ಲೆನ್ಸು ಆ ದೂರದಲ್ಲಿ ನಿಂತದ್ದನ್ನು ದೊಡ್ಡದು ಮಾಡಿ ತೋರಿಸುತ್ತದೆ, ಅಷ್ಟೆ. ನಮ್ಮ ಬೆಟ್ಟವೂ ಹಾಗೆಯೇ. ಬುಡದಲ್ಲಿ ನಿಂತರೆ ಬರೀ ಬಂಡೆ, ಸಿರಾ ರಸ್ತೆಯಲ್ಲಿ ನಾಲ್ಕು ಮೈಲಿ ಹೋಗಿ ತಿರುಗಿದರೆ ಬೆಟ್ಟ. ದೂರವೇ ಸರಿ, ದೂರದಿಂದಲೇ ಎಲ್ಲ ಚೆಂದ ಎಂದು ನನ್ನ ಸಂಕೋಚಕ್ಕೆ ಭೌತಶಾಸ್ತ್ರದ ಮೊಹರು ಬಿದ್ದಂತಾಗಿ ಹಿಗ್ಗಿದೆ.

ಪಾವಗಡದ ಮದುವೆಯಲ್ಲಿ ಸೋದರಮಾವಂದಿರ ಶಾಸ್ತ್ರವನ್ನು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮುಗಿಸಿದೆವು. ಹುಡುಗಿಯ ಬಲಗಡೆ ಅವನು, ಎಡಗಡೆ ನಾನು. ಮಂಟಪಕ್ಕೆ ಅವಳನ್ನು ತಂದು ಬಿಟ್ಟವನೇ ಅಣ್ಣ ಪಂಚೆ ಎತ್ತಿ ಕಟ್ಟಿ ಊಟದ ಹಾಲಿಗೆ ನಡೆದ. ನಾನು ಹಿಂದಿನ ಸಾಲಿಗೆ ಬಂದು ಲೆನ್ಸು ಏರಿಸಿಕೊಂಡು ಕೂತೆ. ಏನು ಹೇಳಲಿ ಅದರ ಸುಖವನ್ನು! ಯಾರಿಗೂ ನನ್ನ ಗೊಡವೆಯಿಲ್ಲ. ಬೀಗರು ಕದ್ದು ಆಕಳಿಸಿದ್ದು, ಧಾರೆಯ ಹೊತ್ತಿನಲ್ಲಿ ತಂಗಿಯ ಗಲ್ಲ ನಡುಗಿದ್ದು, ಎಲ್ಲ ಕೈಗೆಟುಕುವಂತೆ ಬಂದವು. ತಂಗಿಯ ಗಂಡನ ಕಡೆಯ, ತೆಲುಗು ಬೆರೆಸಿ ಮಾತಾಡುವ ಒಬ್ಬ ಅಜ್ಜಿಯಂತೂ ಎಲೆಯಡಿಕೆ ಬಾಯಲ್ಲಿಟ್ಟುಕೊಂಡು ನಗುತ್ತಿದ್ದಾಗ ಹನ್ನೆರಡು ಸಲ ತೆಗೆದೆ.

ಮುಹೂರ್ತ ಮುಗಿದ ಮೇಲೆ ಆ ಅಜ್ಜಿಯೇ ಬಂದು ನನ್ನೆದುರು ನಿಂತಳು. “ಏಮಯ್ಯಾ ಮೇಷ್ಟ್ರೇ, ಎಲ್ಲಾರ್ದೂ ತೆಗೆದ್ಯಂತೆ. ನಂದೊಂದು ತೆಗೀಲಿಲ್ವಲ್ಲ?”

ನಾನು ಹೆಮ್ಮೆಯಿಂದ ಕ್ಯಾಮೆರಾದ ಪರದೆ ತೋರಿಸಿದೆ. ನನ್ನ ಜೀವನದಲ್ಲೇ ಅಷ್ಟು ಒಳ್ಳೆಯ ಮುಖ ನಾನು ತೆಗೆದಿರಲಿಲ್ಲ. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು.

“ಇದ್ಯಾವಾಗ ತೆಗೆದೆ? ನಂಗೆ ಹೇಳ್ಲೇ ಇಲ್ವಲ್ಲ ನಾಯ್ನಾ. ಕರೀದೆ ತೆಗೆದ್ರೆ ಅದು ನನ್ ಫೋಟೊ ಹೆಂಗಾಯ್ತದೆ?”

ಸೆರಗು ಸರಿಮಾಡಿಕೊಂಡು, ಬಾಯೊರೆಸಿಕೊಂಡು, ಕೈ ಎರಡನ್ನೂ ಕೆಳಗೆ ಬಿಟ್ಟು ನಿಂತಳು. ನಾನು ಹಿಂದೆ ಸರಿದರೆ ಅವಳೂ ಮುಂದೆ ಬರುತ್ತಾಳೆ. ಅಲ್ಲೇ ಇರಮ್ಮ ಎಂದು ಬೇಡಿಕೊಂಡು, ಕುರ್ಚಿಗಳನ್ನು ದಾಟಿ, ಕೊನೆಗೆ “ಇಲ್ನೋಡಜ್ಜೀ” ಎಂದು ಕೂಗಿ ತೆಗೆದೆ. ಕೋರ್ಟಿಗೆ ಸಾಕ್ಷಿ ಹೇಳಲು ನಿಂತವರ ಮುಖ ಬಂದಿತ್ತು. ಅಜ್ಜಿ ನೋಡಿ, “ಆ, ಇದು ಫೋಟೊ,” ಎಂದು ಸಮಾಧಾನವಾಗಿ ಉಣ್ಣಲು ಹೋದಳು.

ನಾನು ಕ್ಯಾಮೆರಾ ಹಿಡಿದು ಅಲ್ಲೇ ನಿಂತೆ. ಕರೆಯದೆ ತೆಗೆದರೆ ಅದು ಅವರ ಫೋಟೊ ಆಗುವುದಿಲ್ಲ ಎಂಬುದನ್ನು ಮೂರು ತಿಂಗಳು ಓದಿದ ಯಾವ ಪುಟದಲ್ಲೂ ಯಾರೂ ಬರೆದಿರಲಿಲ್ಲ. ಅಣ್ಣನಿಗೆ ಬೇಕಾಗಿದ್ದದ್ದು ಆಲ್ಬಮ್ಮಿನಲ್ಲಿ ಎರಡಿಂಚು ಜಾಗವಲ್ಲ. ಯಾರಾದರೊಬ್ಬರು ಸ್ಟೇಜಿನಿಂದ ಇಳಿದು, ಊಟದ ಹಾಲಿನವರೆಗೆ ನಡೆದು, ‘ಬಾ ಅಣ್ಣಾ’ ಎನ್ನಬೇಕಿತ್ತು. ಅದನ್ನು ನಾನು ಮಾಡಿರಲಿಲ್ಲ. ಈಗ ಮತ್ತೆ ಅವನನ್ನು ಕರೆಯದೆಯೇ ಅವನ ಮುಖವನ್ನು ತೆಗೆದುಕೊಂಡು ಹೋಗಲು ಸಿರಾದಿಂದ ಬಾಡಿಗೆ ಲೆನ್ಸು ತಂದಿದ್ದೆ.

ಊಟದ ಹಾಲಿಗೆ ಹೋದೆ. ಪಂಕ್ತಿಯ ಆ ತುದಿಯ ಬಾಗಿಲಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಅಣ್ಣ ನಿಂತಿದ್ದ. ಈ ತುದಿಯಲ್ಲಿ ನಾನು. ಅಳೆದು ನೋಡಿದರೆ ನಲವತ್ತಡಿಯೇ ಇತ್ತೇನೋ. ಹತ್ತಿರ ಹೋಗೋಣವೆಂದುಕೊಂಡೆ, ಹಳೇ ಸಂಕೋಚ ಬಿಡಲಿಲ್ಲ. ಕ್ಯಾಮೆರಾ ಕಣ್ಣಿಗೆ ಹಿಡಿದೆ. ಸೊಂಟದಿಂದ ಮೇಲೆ ಅಣ್ಣ ಪೂರ್ತಿ ತುಂಬಿಕೊಂಡ. ಗಡ್ಡ ಬೆಳ್ಳಗಾಗಿತ್ತು. ಕಪ್ಪಿದ್ದುದು ಯಾವಾಗ ಬೆಳ್ಳಗಾಯಿತೆಂದು ನನಗೆ ಗೊತ್ತೇ ಇರಲಿಲ್ಲ. ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಕೆಲಸ ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಒತ್ತಲಿಲ್ಲ.

“ಅಣ್ಣಾ, ಇಲ್ನೋಡು!”

ಸಾರು ಬಡಿಸುತ್ತಿದ್ದವರು ತಿರುಗಿದರು. ಉಣ್ಣುತ್ತಿದ್ದವರು ತಲೆಯೆತ್ತಿದರು. ನಾಲ್ಕು ವರ್ಷದ ಮೇಲೆ ನಾನು ಅವನೊಂದಿಗೆ ಆಡಿದ ಮೊದಲ ಮಾತು ಅದು, ಅದೂ ಅರ್ಧ ಛತ್ರಕ್ಕೆ ಕೇಳುವಂತೆ. ಅಣ್ಣ ನೇರವಾಗಿ ಲೆನ್ಸಿನೊಳಕ್ಕೆ ನೋಡಿದ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಟವೆಲಿಗೆ ಕೈಯೊರೆಸಿಕೊಂಡು ನನ್ನ ಕಡೆಗೆ ನಡೆಯತೊಡಗಿದ.

ನಾನು ಕ್ಯಾಮೆರಾ ಇಳಿಸಲಿಲ್ಲ. ಇಳಿಸುವ ಧೈರ್ಯವಿರಲಿಲ್ಲ ಎಂಬುದು ನಿಜ. ಗಾಜಿನೊಳಗೆ ಅವನು ದೊಡ್ಡವನಾಗುತ್ತ ಬಂದ. ಎದೆ, ಮುಖ, ಆಮೇಲೆ ಬರೀ ಬಿಳಿ ಗಡ್ಡ. ಇಂಥ ಲೆನ್ಸಿಗೆ ನಾಲ್ಕಡಿಗಿಂತ ಹತ್ತಿರ ಬಂದವರು ಕಾಣುವುದಿಲ್ಲ. ಅದು ಹಿಂದೆ ಮುಂದೆ ತಡಕಾಡಿತು, ಕೊನೆಗೆ ಎಲ್ಲ ಬೆಳ್ಳಗೆ ಕದಡಿಹೋಯಿತು. ಗಾಬರಿಗೆ ಬೆರಳು ಗುಂಡಿ ಒತ್ತಿಬಿಟ್ಟಿತು.

“ತೆಗೀಲಾ ಅದ್ನ ಮಕದಿಂದ,” ಎಂದ ಅಣ್ಣ. “ಉಂಡ್ಯಾ?”

ಇಲ್ಲ ಎಂದೆ.

“ನಾನೂ ಉಂಡಿಲ್ಲ. ಬಾ, ಕೊನೇ ಪಂಕ್ತಿಗೆ ಕುಂತ್ಕಳನ.”

ಉಂಡಾದ ಮೇಲೆ ಪಕ್ಕದಲ್ಲೇ ಕೂತು, ತೆಗೆದದ್ದನ್ನು ತೋರಿಸು ಎಂದ. ಬೀಗರ ಆಕಳಿಕೆಗೆ ಗಹಗಹಿಸಿ ನಕ್ಕ, ತಂಗಿಯ ಮುಖವನ್ನು ಇನ್ನೊಂದು ಸಲ ತೋರಿಸು ಎಂದ. ಕೊನೆಗೆ ಅವನ ಫೋಟೊ ಬಂತು, ಪರದೆ ತುಂಬ ಮಂಜು ಮಂಜು ಬಿಳಿ.

“ಇದ್ರಾಗೆ ನಾನೆಲ್ಲಿದ್ದೀನ್ಲಾ?”

“ಅದೇ ಕಣಣ್ಣ, ಬೆಳ್ಳಗೆ ಇರೋದೆಲ್ಲ ನೀನೇ. ತೀರಾ ಹತ್ರ ಬಂದ್ಬುಟ್ಟಿದ್ದೆ, ಅದಕ್ಕೆ ಕಾಣ್ತಿಲ್ಲ.”

ಅಣ್ಣ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿದ. “ಅಂಗಾದ್ರೆ ಇದ್ನ ಅಳಿಸ್ಬ್ಯಾಡ, ಇರ್ಲಿ ಬುಡು,” ಎಂದ.