ಆಲಿವ್ ಗಿಡಕ್ಕೆ ಅತ್ತೆಯ ಉಪಚಾರ

ನನ್ನ ಅಕ್ಕನ ಗಂಡ ಸೈನ್ಯದಲ್ಲಿದ್ದಾರೆ. ಹೋದ ವರ್ಷ ರಾಜಸ್ಥಾನದಿಂದ ರಜೆಗೆ ಬೈಲಹೊಂಗಲಕ್ಕೆ ಬಂದಾಗ ಅಕ್ಕ ನನಗೊಂದು ಆಲಿವ್ ಸಸಿ ತಂದಳು. ರೈಲಿನುದ್ದಕ್ಕೂ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದಳಂತೆ. ಅದನ್ನು ಹಿತ್ತಲಿನ ಎರೆಮಣ್ಣಿನಲ್ಲಿ ನೆಟ್ಟೆ.

ನೋಡಿಕೊಳ್ಳುವ ಕೆಲಸವನ್ನು ಅತ್ತೆ ವಹಿಸಿಕೊಂಡರು. ಊಟಕ್ಕೆ ಕುಳಿತವರು ಸಾಕೆಂದರೂ ಇನ್ನೊಂದು ರೊಟ್ಟಿ ಹಾಕುವವರು ಅವರು. ಗಿಡಕ್ಕೂ ಅದೇ ಉಪಚಾರ: ಸಗಣಿ ನೀರು, ನೆನೆಸಿದ ಶೇಂಗಾ ಹಿಂಡಿ, ಅಕ್ಕಿ ತೊಳೆದ ನೀರು. ಮಳೆ ಹಿಡಿದ ಮೇಲೂ ನಿಲ್ಲಿಸಲಿಲ್ಲ. ಶ್ರಾವಣದ ಹೊತ್ತಿಗೆ ಎಲೆಗಳು ಹಳದಿಯಾಗಿ ಉದುರತೊಡಗಿದವು.

“ಪಾಪ, ಹೊಟ್ಟಿ ತುಂಬವಲ್ದು ಅದಕ್ಕ,” ಎಂದು ಅತ್ತೆ ಇನ್ನಷ್ಟು ಹಿಂಡಿ ನೆನೆಸಿದರು.

ಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನೂ ಹಾಗೆಯೇ ಅಂದುಕೊಂಡಿದ್ದೆ. ಒಂದು ಭಾನುವಾರ ಬುಡ ಕೆದರಿ ನೋಡಿದೆ. ಮಣ್ಣು ನಾದಿದ ಹಿಟ್ಟಿನಂತೆ ಕೈಗೆ ಅಂಟಿತು, ಕೊಳೆತ ವಾಸನೆ ಬಂತು. ಬೇರಿನ ತುದಿಗಳು ಕಪ್ಪಾಗಿದ್ದವು.

“ಅತ್ತೀ, ಇದಕ್ಕ ಉಣ್ಣಾಕ ಕಡಿಮಿ ಆಗಿಲ್ರಿ. ಉಸಿರಾಡಾಕ ಆಗವಲ್ದು.”

“ಬೇರು ಉಸಿರಾಡತೈತೇನ?”

“ಹೌದ್ರಿ. ಮಣ್ಣಾಗ ಗಾಳಿ ಇದ್ರ ಬೇರಿಗೆ ಕಸುವು ಬರತೈತಿ. ಆಗ ನೀರಾಗ ಕರಗಿದ್ದ ಸಾರ ಎಳಕೋತೈತಿ. ನೀರು ನಿಂತ್ರ ಸುತ್ತೆಲ್ಲಾ ಊಟ ಇದ್ರೂ ಉಣ್ಣಾಕ ಬರಂಗಿಲ್ಲ.”

ಅತ್ತೆ ಪಕ್ಕದಲ್ಲಿ ಕುಳಿತು ಬೇರನ್ನು ಮುಟ್ಟಿ ನೋಡಿದರು. “ಜ್ವರ ಬಂದಾವ್ರಿಗೆ ಹೋಳಿಗಿ ತಿನಿಸಿದಂಗ ಆತಲ್ಲಬೇ,” ಎಂದು ನಕ್ಕರೂ ಮುಖ ಸಣ್ಣದಾಗಿತ್ತು.

ನನ್ನವರು ಸವದತ್ತಿ ಕಡೆಯಿಂದ ಬರುವಾಗ ಗರಸು ತಂದರು. ಕಲ್ಲುಹರಳಿನ ಆ ಮಣ್ಣನ್ನು ಎರೆಮಣ್ಣಿಗೆ ಬೆರೆಸಿ, ನೀರು ಇಳಿದುಹೋಗುವಂತೆ ದಿಬ್ಬ ಮಾಡಿದೆವು. ಕೊಳೆತ ಬೇರು ಕತ್ತರಿಸಿ, ಅತ್ತೆಯೇ ಗಿಡ ಹಿಡಿದು ದಿಬ್ಬದ ಮೇಲೆ ಕೂರಿಸಿದರು.

ಆಮೇಲೆ ಕಷ್ಟವಾದದ್ದು ಅವರಿಗೇ. ಚೊಂಬು ಹಿಡಿದು ದಿಬ್ಬದ ಮುಂದೆ ನಿಲ್ಲುತ್ತಿದ್ದರು.

“ಒಂದೀಟ ಹಾಕ್ಲೇನ?”

“ಮಣ್ಣು ಒಣಗ್ಲಿ ತಡೀರಿ.”

ನೆನೆಸಿದ ಹಿಂಡಿಯನ್ನೆಲ್ಲ ಗೋಡೆಯ ಪಕ್ಕದ ಅವರೆ ಬಳ್ಳಿಗೆ ಸುರಿದರು. ಅದು ಹಬ್ಬಿ ಕಾಯಿ ಬಿಟ್ಟಿದ್ದೇ ಬಿಟ್ಟಿದ್ದು. ಅಕ್ಕಪಕ್ಕದ ಮನೆಗಳಿಗೂ ಹಂಚಿದೆವು.

ದೀಪಾವಳಿಯ ಹೊತ್ತಿಗೆ ಆಲಿವ್ ಚಿಗುರಿತು. ಮೇಲೆ ಹಸಿರು, ಹಿಂಬದಿ ಬೆಳ್ಳಿ ಬಣ್ಣದ ಪುಟ್ಟ ಎಲೆಗಳು. ಅಕ್ಕ ಫೋನಿನಲ್ಲಿ, ಕಾಯಿ ಬಿಡುತ್ತದೆಯೇ ಎಂದು ಕೇಳಿದಳು. ಅದಕ್ಕೆ ಬೇಕಾದಷ್ಟು ಚಳಿ ನಮ್ಮೂರಲ್ಲಿಲ್ಲ ಎಂದೆ. ಅತ್ತೆ ಫೋನು ಕಸಿದುಕೊಂಡರು.

“ಕಾಯಿ ಬಿಡ್ಲಿಲ್ಲಂದ್ರ ಇರ್ಲಿ ಬಿಡವ್ವಾ. ಎಲಿ ಎಷ್ಟ್ ಚೆಂದ ಅದಾವು, ಬಂದು ನೋಡು.”