ಮುನಿಯಮ್ಮನ ಕೈ, ಎರಡು ಸಾಲು ಟೊಮ್ಯಾಟೊ

ಟೊಮ್ಯಾಟೊ ಗಿಡದ ಚಿಗುರು ಚಿವುಟಿದಾಗ ಬೆರಳಿಗೆ ಹತ್ತುವ ವಾಸನೆ ನಿಮಗೆ ಗೊತ್ತಿದ್ದರೆ ನನ್ನ ಅರ್ಧ ಕೆಲಸ ಮುಗಿಯಿತು. ಹಣ್ಣಿಗೆ ಆ ವಾಸನೆ ಇಲ್ಲ. ಅದು ಎಲೆಯದು; ಕಟುವಾದದ್ದು, ಸೋಪಿಗೂ ಬೇಗ ಜಗ್ಗದ್ದು. ಇವತ್ತು ಬೆಳಿಗ್ಗೆ ಬಾಲ್ಕನಿಯ ಕುಂಡದಲ್ಲಿ ಒಂದು ಚಿಗುರು ಚಿವುಟಿ ಬೆರಳು ಮೂಸಿದೆ. ಕೆಲಮಂಗಲದ ಮುನಿಯಮ್ಮ ಬಂದು ಎದುರಿಗೆ ನಿಂತರು. ಹೀಗೆ ತಂದು ನಿಲ್ಲಿಸುವುದು ಬರೆಯುವವರ ಚಟ. ನಿಜಕ್ಕೂ ಮೊದಲು ನೆನಪಾದದ್ದು ಅವರ ಹೆಬ್ಬೆರಳಿನ ಉಗುರು, ಕಪ್ಪುಹಸಿರು ಕಟ್ಟಿದ್ದು. ಮುಖವನ್ನು ಆಮೇಲೆ ನಾನೇ ಸೇರಿಸಿದೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ತಮಿಳು ಗಡಿಯೊಳಗಿನ ಆ ಊರಿನ ಕನ್ನಡ ಶಾಲೆಯೊಂದರಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಮುನಿಯಮ್ಮನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಅವರ ಕೆಲಸ ಟೊಮ್ಯಾಟೊ ತೋಟಗಳಲ್ಲಿ ಎಲೆಸಂದಿನ ಬೇಡದ ಚಿಗುರು ಚಿವುಟುವುದು. ಅದೇನು ಮಹಾವಿದ್ಯೆ ಅನ್ನಬೇಡಿ. ಹಾಗೆಂದುಕೊಂಡೇ ಒಂದು ಭಾನುವಾರ ನಾನು ಒಂದು ಸಾಲಿಗೆ ಕೈಹಾಕಿ ಹೂಗೊಂಚಲುಗಳನ್ನೇ ಕಿತ್ತು ಬಂದೆ. ಅವರು ನೋಡದೆಯೇ ಚಿವುಟುತ್ತಿದ್ದರು, ಮಾತಾಡುತ್ತ, ಯಾರನ್ನೋ ಬೈಯುತ್ತ. ಮೊದಲ ಚಿವುಟು ಮುನಿಯಮ್ಮನದಾದರೆ ತೋಟ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ ರಾಯಕೋಟೆವರೆಗೂ ಇತ್ತು. ಅಲ್ಲಿಂದ ಬಸ್ಸಿನಲ್ಲಿ ಬಂದು ಕರೆದೊಯ್ಯುತ್ತಿದ್ದರು. ಕೈಗುಣ. ಗಂಡ ತೀರಿಕೊಂಡ ಮೇಲೆ ಅವರು ತಲೆಯೆತ್ತಿ ನಡೆದದ್ದು ಈ ಒಂದು ಮಾತಿನ ಮೇಲೆ.

ಒಂದು ವರ್ಷ ಅವರು ಚಿವುಟಿದ ತೋಟಗಳಿಗೆಲ್ಲ ರೋಗ ಬಿತ್ತು. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ, ಆಮೇಲೆ ಮುರುಟು. ಅವರು ಕಾಲಿಡದ ತೋಟಗಳು ಚೆನ್ನಾಗಿದ್ದವು. ಹೊಸದಾಗಿ ಸಸಿ ನೆಟ್ಟಿದ್ದ ಪಕ್ಕದ ತೋಟದ ರಾಮಪ್ಪ ಅಂಗಳಕ್ಕೆ ಬಂದು ನಿಂತ. ಬೇಡ ಅನ್ನಲು ಕನ್ನಡದಲ್ಲಿ ಒಮ್ಮೆಗೇ ಬಾಯಿ ಬರಲಿಲ್ಲವೇನೋ, ಮೊದಲು ತಮಿಳಿಗೆ ಹಾರಿದ.

"ವೇಣಾಂ ಅಕ್ಕಾ. ಈ ಸಲ ನಮ್ ತೋಟಕ್ಕೆ ನೀನ್ ಬರೋದ್ ಬ್ಯಾಡ."

"ಯಾಕ್ಲಾ? ನನ್ ಕೈಯಾಗೇನ್ ಹುಳ ಐತಾ?"

ರಾಮಪ್ಪ ಅಂಗಳ ದಾಟಿ ತನ್ನ ತೋಟದ ಕಡೆ ನಡೆದ.

ಅವತ್ತು ಸಂಜೆಯೇ ಮುನಿಯಮ್ಮ ನನ್ನ ಬಾಗಿಲಿಗೆ ಬಂದರು. ಸಂಜೆಯೆಂದೇ ನೆನಪು, ಆದರೆ ನಾನು ಕೋಣೆಗೆ ತಂದಿಟ್ಟುಕೊಂಡಿದ್ದ ಶಾಲೆಯ ಸೂಕ್ಷ್ಮದರ್ಶಕಕ್ಕೆ ಬಿಸಿಲು ಬೇಕಿತ್ತು, ಹಾಗಾಗಿ ಮರುದಿನ ಬೆಳಿಗ್ಗೆಯೇ ಇರಬೇಕು.

"ಮೇಷ್ಟ್ರೇ, ನಿಮ್ ಯಂತ್ರದಾಗೆ ನನ್ ಕೈ ನೋಡಿ. ಏನೈತೆ ಹೇಳಿ."

ಕೈಯನ್ನು ಅದರಡಿ ಇಡಲಾಗದು. ಬೆಂಕಿಕಡ್ಡಿಯ ಹಿಂಬದಿಯಿಂದ ಅವರ ಕೆನ್ನೆಯೊಳಗೆ ಮೆಲ್ಲಗೆ ಕೆರೆದು, ಗಾಜಿನ ಮೇಲೆ ಸವರಿ, ನೀಲಿ ಬಣ್ಣದ ಹನಿ ಬಿಟ್ಟು ತೋರಿಸಿದೆ. ಅವರು ಬಹಳ ಹೊತ್ತು ಬಗ್ಗಿದ್ದರು.

"ಇದು ನಾನಾ?"

"ನೀವೇ. ಒಂದೊಂದೂ ಒಂದು ಜೀವಕೋಶ. ನಡುವೆ ಚುಕ್ಕೆ ಇದೆಯಲ್ಲ, ಅದು ಕೋಶಕೇಂದ್ರ. ಕೋಶ ಹೊರಗಿಂದ ತನಗೆ ಬೇಕಾದ್ದು ತಗೊಳ್ಳುತ್ತೆ, ಬೇಡದ್ದು ಹೊರಗೆ ಹಾಕುತ್ತೆ. ಒಂದು ಕೋಶ ಒಡೆದು ಎರಡಾಗುತ್ತೆ."

"ಅಂದ್ರೆ ಒಂದೊಂದೂ ಸಂಸಾರ ಮಾಡ್ತೈತೆ. ಸರಿ, ರೋಗದ್ದು ತೋರ್ಸಿ."

"ಅದು ಇದರಲ್ಲಿ ಕಾಣಲ್ಲ. ವೈರಾಣು ಇದಕ್ಕಿಂತ ತುಂಬಾ ಚಿಕ್ಕದು."

"ಉಣ್ತದಾ?"

"ಇಲ್ಲ."

"ಉಸ್ರಾಡ್ತದಾ?"

"ಇಲ್ಲ. ತನ್ನನ್ನ ಹೇಗೆ ಮಾಡಬೇಕು ಅನ್ನೋ ಬರಹ ಒಳಗೆ, ಮೇಲೊಂದು ಹೊದಿಕೆ. ಅಷ್ಟೇ. ಗಿಡದ ಕೋಶದೊಳಕ್ಕೆ ಹೊಕ್ಕರೆ, ಆ ಕೋಶವೇ ಬರಹದ ಪ್ರಕಾರ ಅಂಥವನ್ನೇ ಲೆಕ್ಕವಿಲ್ಲದಷ್ಟು ಮಾಡಿಕೊಡುತ್ತೆ."

ಮುನಿಯಮ್ಮ ಬಾಯಲ್ಲಿದ್ದದ್ದನ್ನು ಮೆಲ್ಲುತ್ತ ಯೋಚಿಸಿದರು. "ಒಲೆ ಇಲ್ಲ, ಪಾತ್ರೆ ಇಲ್ಲ, ಹಸಿವೂ ಇಲ್ಲ. ಇನ್ನೊಬ್ರ ಅಡ್ಗೆಮನೆಗ್ ನುಗ್ಗಿ ತನ್ನನ್ನೇ ಬೇಯಿಸ್ಕೊಂತದೆ."

ಈ ಮಾತನ್ನು ಆಮೇಲೆ ಎಷ್ಟೋ ವರ್ಷ ತರಗತಿಯಲ್ಲಿ ನನ್ನದೇ ಎಂಬಂತೆ ಹೇಳಿದ್ದೇನೆ.

ಅವರು ಮೆಲ್ಲುತ್ತಿದ್ದದ್ದು ಹೊಗೆಸೊಪ್ಪು. ಅದನ್ನು ಕಂಡಾಗಲೇ ನನಗೆ ಹೊಳೆದದ್ದು. ಹೊಗೆಸೊಪ್ಪಿನ ಒಂದು ವೈರಾಣು ಒಣಗಿದ ಎಲೆಯಲ್ಲೂ ವರ್ಷಗಟ್ಟಲೆ ಉಳಿದು, ಅದನ್ನು ತೀಡಿದ ಬೆರಳಿನಿಂದ ಟೊಮ್ಯಾಟೊಗೆ ದಾಟುತ್ತದೆ ಎಂದು ಓದಿದ್ದೆ. ಚಿವುಟಿದ ಗಾಯವೇ ಅದಕ್ಕೆ ಬಾಗಿಲು. ಆದರೆ ನಾನು ಹೇಳಿದ್ದು ಬೇರೆ. "ಬೀಜವೇ ಸರಿಯಿಲ್ಲ ಅಂದುಬಿಡಿ ಮುನಿಯಮ್ಮ."

"ನಿಮ್ಗೇನೋ ಗೊತ್ತೈತೆ. ಉಗೀರಿ."

ಹೇಳಿದೆ. ಕೈಯನ್ನು ಸೋಪಿನಲ್ಲಿ ತೊಳೆದು ಹಾಲಿನಲ್ಲಿ ಅದ್ದಿಕೊಂಡರೆ ಅದು ದಾಟುವುದು ಕಡಿಮೆ ಎಂದೂ ಸೇರಿಸಿದೆ.

"ಹಾಲಾಗೆ ಕೈ ತೊಳ್ಯೋಕೆ ನಾನೇನ್ ರಾಜನ್ ಮನೆಯೋಳಾ? ನಲವತ್ ವರ್ಸದಿಂದ ಹಾಕ್ತಿವ್ನಿ. ಈಗ್ ಬಂತಾ?"

"ಈ ವರ್ಷದ ಹೊಗೆಸೊಪ್ಪಿನ ಕಟ್ಟಿನಲ್ಲೇ ಬಂದಿರಬಹುದು."

ಅವರು ನಂಬಲಿಲ್ಲ. ನಾನು ಮೆಚ್ಚುವುದು ಇದನ್ನೇ. ನಂಬದೆ ಸುಮ್ಮನಾಗಲೂ ಇಲ್ಲ. ಬಚ್ಚಲ ಹಿಂದೆ ಎರಡು ಸಾಲು ಸಸಿ ನೆಟ್ಟರು. ಒಂದು ಸಾಲನ್ನು ಹೊಗೆಸೊಪ್ಪು ತೀಡಿದ ಕೈಯಲ್ಲೇ ಚಿವುಟಿದರು. ಇನ್ನೊಂದನ್ನು ಸೋಪು ಹಾಕಿ, ಹಾಲಿನಲ್ಲಿ ಅದ್ದಿದ ಕೈಯಲ್ಲಿ. ಸಾಲು ಮರೆಯದಂತೆ ಹಳೆ ಸೀರೆಯಂಚಿನ ದಾರ ಕಟ್ಟಿದರು. ನನಗೆ ಹೇಳಿದ್ದು ಇಷ್ಟೇ: "ಹದಿನೈದ್ ದಿನ ತಡ್ಕೊಳ್ಳಿ ಮೇಷ್ಟ್ರೇ. ಗಿಡಾನೇ ಹೇಳ್ತದೆ."

ಗಿಡ ಹೇಳಿತು. ಒಂದು ಸಾಲು ಪೂರ್ತಿ ಮಚ್ಚೆ, ಇನ್ನೊಂದು ಹಸಿರು.

ರಾತ್ರೋರಾತ್ರಿ ಆ ಸಾಲು ಕಿತ್ತೆಸೆದಿದ್ದರೆ ಕೇಳುವವರಿರಲಿಲ್ಲ. ಮುನಿಯಮ್ಮ ರಾಮಪ್ಪನನ್ನೂ ಹಾಳಾದ ತೋಟದವರನ್ನೂ ಕರೆಸಿ, ಎರಡು ಸಾಲುಗಳ ನಡುವೆ ನಿಂತರು.

"ನೋಡ್ಲಾ. ಬೀಜದ್ದಲ್ಲ, ನೀರಿಂದಲ್ಲ. ನನ್ ಕೈಯಿಂದ್ಲೇ ಬಂದಿದ್ದು."

ರಾಮಪ್ಪ ಮಚ್ಚೆಬಿದ್ದ ಎಲೆಯೊಂದನ್ನು ತಿರುವಿ ನೋಡಿ, "ಬಿಡಕ್ಕಾ, ಇನ್ ಯಾರ್ಗೂ ಹೇಳ್ಬ್ಯಾಡ" ಅಂದ.

"ಯಾಕ್ ಹೇಳ್ಬಾರ್ದು? ನಿನ್ ಹೆಂಡ್ತೀನೂ ಹಾಕ್ತಾಳೆ ಹೊಗೆಸೊಪ್ಪು. ಅವ್ಳ್ ಕೈಗ್ಯಾರ್ಲಾ ಹೇಳೋರು?"

ಮುಂದಿನ ಬೆಳೆಗೆ ರಾಮಪ್ಪ ಅವರನ್ನು ಕರೆಯಲು ಬಂದ, ಕೈಯಲ್ಲಿ ಒಂದು ಚೊಂಬು ಹಾಲು ಹಿಡಿದು. ಇದು ತೀರಾ ಚೆನ್ನಾಗಿದೆ, ಅದಕ್ಕೇ ನನಗೆ ಅನುಮಾನ. ಅವನು ಬಂದದ್ದು ನಿಜ, ಮುನಿಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟದ್ದು ನಿಜ. ಚೊಂಬಿಗೆ ಹಾಲು ತುಂಬಿದವನು ನಾನೇ ಇರಬಹುದು. ನನ್ನ ನೆನಪಿನಲ್ಲಿ, ಅವರ ಕೆನ್ನೆಯ ಕೋಶ ತೋರಿಸಿದ ಬೆಳಿಗ್ಗೆ ನಾನು ಸೂಕ್ಷ್ಮದರ್ಶಕದಲ್ಲಿ ವೈರಾಣುವನ್ನೂ ಕಂಡಿದ್ದೇನೆ, ಕಡ್ಡಿಯಂತೆ ನೆಟ್ಟಗೆ. ಆ ಯಂತ್ರದಲ್ಲಿ ಅದು ಕಾಣುವುದು ಸಾಧ್ಯವೇ ಇಲ್ಲ.

ಹಾಗಾಗಿ ಈಗ, ಇಷ್ಟು ಬರೆದ ಮೇಲೆ, ಕೆಳಗಿನ ಅಂಗಡಿಗೆ ಹೋಗಿ ಹೊಗೆಸೊಪ್ಪಿನ ಒಂದು ಪೊಟ್ಟಣ ತಂದೆ. ಅಂಗಡಿಯವನು ನನ್ನ ಮುಖವನ್ನೇ ನೋಡಿದ. ಒಂದು ಕುಂಡದ ಚಿಗುರನ್ನು ಹಾಲಿನಲ್ಲಿ ಅದ್ದಿದ ಕೈಯಲ್ಲಿ ಚಿವುಟಿದೆ. ಆಮೇಲೆ ಪೊಟ್ಟಣ ಬಿಚ್ಚಿ ಹೊಗೆಸೊಪ್ಪು ತೀಡಿ, ಇನ್ನೊಂದು ಕುಂಡದ್ದನ್ನು. ಈ ಪೊಟ್ಟಣದಲ್ಲಿ ಆ ವೈರಾಣು ಇದೆಯೋ ಇಲ್ಲವೋ ಗೊತ್ತಿಲ್ಲ. ಮುನಿಯಮ್ಮ ಯಾವ ಸಾಲಿಗೆ ಯಾವ ಬಣ್ಣದ ದಾರ ಕಟ್ಟಿದ್ದರೆಂದೂ ನೆನಪಿಲ್ಲ. ಕೈಗೆ ಸಿಕ್ಕಿದ್ದನ್ನು ಕಟ್ಟಿದ್ದೇನೆ.

ಹದಿನೈದು ದಿನ ತಡೆದುಕೊಳ್ಳಬೇಕು.